ಹುರಿ ಮತ್ತು ಜಡೆ
(ಸಂಘದ ಮಹಿಳಾ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಸ್ವೆಟರಿನ ಮಾತೇಕೆಂದು ಕೆಲವರಿಗಾದರೂ ಅನ್ನಿಸಬಹುದು. 1956ರ ನವೆಂಬರ್ 1ರಂದು ಕನ್ನಡ ಸೀಮೆಗಳು ಒಂದಾದುದನ್ನು ನೆನೆಯುವ ಈ ದಿನ ನಾಡಿನ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಅದು ಆಗಲೇಬೇಕು. ಆದರೆ ಬದಲಾಪುರದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಇನ್ನೊಂದು ಚಿಂತೆಯೂ ಇದೆ. ನಮ್ಮ ಮಕ್ಕಳು ಓದುವುದು ಇಂಗ್ಲಿಷಿನಲ್ಲಿ, ಆಡುವುದು ಮರಾಠಿ ಹಿಂದಿಗಳಲ್ಲಿ. ವರ್ಷಕ್ಕೊಮ್ಮೆ ಕೇಳುವ ಭಾಷಣದಿಂದ ಅವರಿಗೆ ಕನ್ನಡ ಬಾರದು. ಅಜ್ಜಿಯ ಪಕ್ಕದಲ್ಲಿ ಕುಳಿತು ಒಂದು ಕೆಲಸ ಕಲಿತರೆ ಆ ಕೆಲಸದೊಡನೆ ಮಾತೂ ಬರುತ್ತದೆ.

ಹೆಣಿಗೆ ಅಂಥದೊಂದು ಕೆಲಸ. ನಮ್ಮಲ್ಲಿ ಅನೇಕರು ಇದನ್ನು ನೆರೆಮನೆಯ ಮರಾಠಿ ಸೋದರಿಯರಿಂದ ಕಲಿತೆವು. ಅವರ ಸುಲಟ್, ಉಲಟ್, ಟಾಕಾ ಎಂಬ ಮಾತುಗಳು ನಮ್ಮ ಬಾಯಿಗೂ ಬಂದುವು. ಅದರಲ್ಲಿ ತಪ್ಪೇನೂ ಇಲ್ಲ. ಅವರ ಋಣ ದೊಡ್ಡದು. ಆದರೂ ಈ ಕೆಲಸಕ್ಕೆ ಕನ್ನಡದಲ್ಲಿ ಮಾತಿಲ್ಲವೆಂದು ತಿಳಿಯಬಾರದು. ಕುರುಬರ ಕಂಬಳಿಯನ್ನು ನೇಯುತ್ತಾರೆ. ಅಲ್ಲಿ ಹಾಸು ಹೊಕ್ಕು ಎಂದು ಎರಡು ಬಗೆಯ ಎಳೆಗಳು. ಸ್ವೆಟರನ್ನು ಹೆಣೆಯುತ್ತೇವೆ, ಇಲ್ಲಿ ಒಂದೇ ಎಳೆ ಕುಣಿಕೆಯಿಂದ ಕುಣಿಕೆಗೆ ಸಾಗುತ್ತದೆ. ಈ ಭೇದವನ್ನು ನಮ್ಮ ನುಡಿ ಎರಡೇ ಮಾತಿನಲ್ಲಿ ಹೇಳುತ್ತದೆ.

ಸೀದಾ, ಉಲ್ಟಾ ಎರಡನ್ನೂ ಕಲಿತು ಒಂದೆರಡು ಸಾದಾ ಸ್ವೆಟರು ಮುಗಿಸಿದವರು ಮುಂದಿನ ಮೆಟ್ಟಿಲಿನಲ್ಲಿ ಅಂಜಿ ನಿಲ್ಲುವುದುಂಟು. ಆ ಮೆಟ್ಟಿಲೇ ಕೇಬಲ್. ಎರಡೆಳೆ ಹೊಸೆದಂತೆ ಕಾಣುವುದನ್ನು ನಾವು ಹುರಿ ಎನ್ನೋಣ. ಮೂರೆಳೆಯದನ್ನು ಜಡೆ ಎನ್ನೋಣ. ಹೆಣ್ಣುಮಕ್ಕಳ ತಲೆಗೂದಲನ್ನು ಜಡೆ ಹೆಣೆಯುವ ನಮಗೆ ಇದು ಹೊಸದಲ್ಲ. ಇಲ್ಲಿ ಬೇರೊಂದು ಬಗೆಯ ಕುಣಿಕೆಯೂ ಇಲ್ಲ. ಕುಣಿಕೆಗಳ ಸರದಿ ಬದಲಾಗುತ್ತದೆ, ಅಷ್ಟೇ.

ಹುರಿಗೆ ಹತ್ತು ಕುಣಿಕೆ ಸಾಕು: ಎದುರುಬದಿಯಲ್ಲಿ ಎರಡು ಉಲ್ಟಾ, ಆರು ಸೀದಾ, ಎರಡು ಉಲ್ಟಾ. ಹಿಂಬದಿಯ ಸಾಲಿನಲ್ಲಿ ಕಂಡದ್ದನ್ನು ಕಂಡಂತೆಯೇ ಹೆಣೆಯಬೇಕು. ಆರು ಸಾಲಿಗೊಮ್ಮೆ, ಎದುರುಬದಿಯಲ್ಲಿ, ಸೀದಾ ಕುಣಿಕೆಗಳಲ್ಲಿ ಮೊದಲ ಮೂರನ್ನು ಒಂದು ಗಿಡ್ಡ ಕಡ್ಡಿಗೆ ಜಾರಿಸಿ ಮುಂದೆ ಬಿಡಿ. ಮಿಕ್ಕ ಮೂರನ್ನು ಹೆಣೆಯಿರಿ. ಆಮೇಲೆ ಗಿಡ್ಡ ಕಡ್ಡಿಯ ಮೂರನ್ನು ಹೆಣೆಯಿರಿ. ಹುರಿ ಎಡಕ್ಕೆ ಹೊರಳಿತು! ಗಿಡ್ಡ ಕಡ್ಡಿಯನ್ನು ಹಿಂದೆ ಬಿಟ್ಟರೆ ಬಲಕ್ಕೆ ಹೊರಳುತ್ತದೆ. ಎರಡು ಪಕ್ಕದ ಉಲ್ಟಾ ಕುಣಿಕೆಗಳು ತಗ್ಗಾಗಿ ನಿಲ್ಲುವುದರಿಂದಲೇ ಹುರಿ ಉಬ್ಬಿ ಕಾಣುತ್ತದೆ. ಜಡೆಗೆ ನಡುವೆ ಒಂಬತ್ತು ಸೀದಾ ಕುಣಿಕೆ ಬೇಕು; ಒಮ್ಮೆ ಒಂದು ಪಕ್ಕದ ಆರನ್ನು ಎಡಕ್ಕೆ, ಮುಂದಿನ ಸಲ ಇನ್ನೊಂದು ಪಕ್ಕದ ಆರನ್ನು ಬಲಕ್ಕೆ ದಾಟಿಸಬೇಕು. ಗಿಡ್ಡ ಕಡ್ಡಿ ಸಿಗದಿದ್ದರೆ ತುರುಬಿನ ಪಿನ್ನೂ ಆದೀತು.

ಈ ಬಗೆಯ ಸ್ವೆಟರಿಗೆ ಹೆಸರಾದವು ಐರ್ಲೆಂಡಿನ ಪಡುವಲಲ್ಲಿರುವ ಆರನ್ ದ್ವೀಪಗಳು. ಅಲ್ಲಿ ಮನೆತನಕ್ಕೊಂದು ವಿನ್ಯಾಸವಿತ್ತು, ಕಡಲಲ್ಲಿ ಸತ್ತವರನ್ನು ಅದರಿಂದ ಗುರುತಿಸುತ್ತಿದ್ದರು ಎಂಬುದು ಬರಿಯ ಕಥೆ. ಈಗಿನ ರೂಪದ ಆರನ್ ಸ್ವೆಟರು ಇಪ್ಪತ್ತನೆಯ ಶತಮಾನದ್ದು. ಅಲ್ಲಿಯ ಹೆಂಗಸರು ಮಾರಿ ನಾಲ್ಕು ಕಾಸು ಗಳಿಸಲೂ ಅದನ್ನು ಹೆಣೆದರು. ಕಥೆಗೆ ಇಂಬು ಕೊಟ್ಟದ್ದು 1904ರಲ್ಲಿ ರಂಗಕ್ಕೆ ಬಂದ ಸಿಂಜ್ ಅವರ ಒಂದು ನಾಟಕ. ಅದರಲ್ಲಿ ತಂಗಿಯೊಬ್ಬಳು ತಾನು ಹೆಣೆದ ಕಾಲುಚೀಲದ ಕುಣಿಕೆಗಳನ್ನು ಎಣಿಸಿ, ಮುಳುಗಿಹೋದ ಅಣ್ಣನನ್ನು ಗುರುತಿಸುತ್ತಾಳೆ. ಮನೆತನದ ಗುರುತು ಕಥೆಯಾದರೂ ಹೆಣೆದವಳಿಗೆ ತನ್ನ ಕೈಯ ಲೆಕ್ಕ ತಿಳಿದಿರುತ್ತದೆ ಎಂಬುದು ಸತ್ಯವೇ.

ಆದುದರಿಂದ ಲೆಕ್ಕವೇ ಮುಖ್ಯ. ಮನೆಯಲ್ಲಿ ಸಾಲಿಗೊಂದು ಹುಣಸೆಬೀಜ ಬಟ್ಟಲಿಗೆ ಹಾಕಿದರಾಯಿತು. ಮುಂಬಯಿಗೆ ಒಂದೂವರೆ ಗಂಟೆಯ ಲೋಕಲ್ ಪಯಣದಲ್ಲಿ, ಕುಳಿತುಕೊಳ್ಳಲು ಜಾಗ ಸಿಕ್ಕವರು ಸಾದಾ ಸಾಲುಗಳನ್ನು ಮಾತ್ರ ಹೆಣೆಯಲಿ. ದಾಟಿಸುವ ಸಾಲನ್ನು ಮನೆಗೆ ಉಳಿಸಿಕೊಳ್ಳಲಿ. ಹುರಿ ಬಟ್ಟೆಯನ್ನು ಒಳಕ್ಕೆ ಎಳೆಯುತ್ತದೆ. ಸಾದಾ ಸ್ವೆಟರಿನ ಲೆಕ್ಕದಲ್ಲಿ ಹೊರಟರೆ ಎದೆಗೆ ಬಿಗಿಯಾದೀತು. ನಾಲ್ಕು ಅಂಗುಲದ ತುಣುಕೊಂದನ್ನು ಹುರಿ ಸಮೇತ ಹೆಣೆದು ಅಳೆಯಿರಿ. ನೂಲೂ ಹೆಚ್ಚು ಹಿಡಿಯುತ್ತದೆ. ಒಂದೇ ಲಾಟಿನ ಉಂಡೆ ಒಂದನ್ನು ಹೆಚ್ಚಿಗೆ ತನ್ನಿ. ದಾಟಿಸುವುದು ಮರೆತರೆ ಇಡೀ ಸ್ವೆಟರು ಬಿಚ್ಚಬೇಡಿ. ಆ ಆರು ಕುಣಿಕೆಗಳನ್ನಷ್ಟೇ ಆ ಸಾಲಿನವರೆಗೆ ಇಳಿಸಿ, ದಾಟಿಸಿ, ಕ್ರೋಶಾ ಕಡ್ಡಿಯಿಂದ ಮೇಲೆತ್ತಿರಿ. ನಮ್ಮೂರ ಚಳಿಗೆ ಎದೆಯ ಮೇಲೆ ಒಂದು ಜೋಡಿ ಹುರಿ, ಮಿಕ್ಕದ್ದೆಲ್ಲ ಸಾದಾ, ಇಷ್ಟೇ ಸಾಕು. ಧಾರವಾಡ ಬೆಳಗಾವಿಗೆ ರಜೆಗೆ ಹೋಗುವ ಮಕ್ಕಳಿಗೂ ಒದಗುತ್ತದೆ.

1962ರ ಯುದ್ಧದ ಚಳಿಗಾಲದಲ್ಲಿ ದೇಶದ ಹೆಂಗಸರು ಗಡಿಯ ಜವಾನರಿಗಾಗಿ ಸ್ವೆಟರು ಹೆಣೆದರು. ಈಗ ಅಂಗಡಿಯ ಸ್ವೆಟರು ಅಗ್ಗ. ಕೈಯದು ಸಮಯವನ್ನು ಬೇಡುತ್ತದೆ. ಆ ಸಮಯವೇ ನಮಗೆ ಬೇಕಾದುದು. ಒಂದು ಸ್ವೆಟರು ಮುಗಿಯುವಷ್ಟು ದಿನ ಮೊಮ್ಮಗಳು, ಮೊಮ್ಮಗನೂ ಆಗಲಿ, ನಮ್ಮ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಎಣಿಸಲಿ. ವಿನ್ಯಾಸದ ಪುಸ್ತಕಗಳಲ್ಲಿ ಇಂಗ್ಲಿಷಿನ ಒಂದೊಂದಕ್ಷರದ ಸಂಕೇತಗಳಿವೆ. ಬಲ್ಲವರು ಅವನ್ನು ಕನ್ನಡದಲ್ಲಿ ಬರೆದು ಸಂಘಕ್ಕೆ ಕೊಡಲಿ. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಹತ್ತು ಮಕ್ಕಳಾದರೂ ತಾವು ಹೆಣೆದುದನ್ನು ಹಿಡಿದು, ಹೇಗೆ ಹೆಣೆದೆವೆಂದು ಇಲ್ಲಿ ನಿಂತು ಕನ್ನಡದಲ್ಲಿ ಹೇಳುವಂತಾಗಲಿ.