ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ ಮತ್ತು ರಾಷ್ಟ್ರಗಳ ಸಹಕಾರ



ಅಂತರರಾಷ್ಟ್ರೀಯ ಸಹಕಾರ ಎಂದೊಡನೆ ಜನಸಾಮಾನ್ಯರ ಕಣ್ಣಮುಂದೆ ಬರುವುದು ದೂರದ ಸಭಾಭವನ, ಧ್ವಜಗಳ ಸಾಲು, ಒಪ್ಪಂದಪತ್ರಕ್ಕೆ ಬೀಳುವ ಸಹಿ. ಠಾಣೆ ಜಿಲ್ಲೆಯಲ್ಲಿ ಕಲ್ಯಾಣ ಮತ್ತು ಉಲ್ಹಾಸನಗರಗಳ ನಡುವೆ ಇರುವ ವಿಠ್ಠಲವಾಡಿ ಎಂಬ ಚಿಕ್ಕ ರೈಲು ನಿಲ್ದಾಣದ ಆಸುಪಾಸಿನಲ್ಲಿ ವಾಸಿಸುವ ಕನ್ನಡ ಕುಟುಂಬವೊಂದಕ್ಕೂ ಅಂಥ ಸಭೆಗಳಿಗೂ ಏನು ಸಂಬಂಧವೆಂಬ ಪ್ರಶ್ನೆ ಸಹಜವಾದುದೇ. ಆ ಕುಟುಂಬದಲ್ಲಿ ಹುಟ್ಟಿನಿಂದ ದೃಷ್ಟಿಯಿಲ್ಲದ ಮಗುವೊಂದಿದೆ ಎಂದು ಭಾವಿಸಿದರೆ ಸಂಬಂಧವು ತಾನಾಗಿ ಗೋಚರಿಸುತ್ತದೆ.

ಆ ಮಗುವಿನ ಮನೆಮಾತು ಕನ್ನಡ. ಬೀದಿಯಲ್ಲಿ ಕಿವಿಗೆ ಬೀಳುವುದು ಹಿಂದಿ ಮತ್ತು ಸಿಂಧಿ. ಶಾಲೆಯಲ್ಲಿ ಮರಾಠಿ. ಕಣ್ಣುಳ್ಳ ಅದರ ಅಣ್ಣನು ಮರಾಠಿಗಾಗಿ ದೇವನಾಗರಿಯನ್ನೂ, ಊರಿನ ಅಜ್ಜಿಗೆ ಪತ್ರ ಬರೆಯಲು ಕನ್ನಡ ಲಿಪಿಯನ್ನೂ ಪ್ರತ್ಯೇಕವಾಗಿ ಕಲಿಯಬೇಕು. ದೃಷ್ಟಿಯಿಲ್ಲದ ಮಗುವಿಗೆ ಈ ಎರಡು ಲಿಪಿಗಳ ಹೊರೆಯಿಲ್ಲ. ಬ್ರೈಲ್ ಲಿಪಿಯಲ್ಲಿ ಕನ್ನಡದ ‘ಕಮಲ’ ಮತ್ತು ಮರಾಠಿಯ ‘ಕಮಲ’ ಚುಕ್ಕೆಚುಕ್ಕೆಗೂ ಒಂದೇ. ‘ಕ’ ಎಂದರೆ ಒಂದು ಮತ್ತು ಮೂರನೆಯ ಚುಕ್ಕೆ. ‘ಮ’ ಎಂದರೆ ಒಂದು, ಮೂರು, ನಾಲ್ಕು. ‘ಲ’ ಎಂದರೆ ಒಂದು, ಎರಡು, ಮೂರು. ಕನ್ನಡದ ಹ್ರಸ್ವ ‘ಎ’ ಮತ್ತು ‘ಒ’ ಮುಂತಾದ ಕೆಲವೇ ಚಿಹ್ನೆಗಳನ್ನು ಹೆಚ್ಚಾಗಿ ಕಲಿತರೆ ಸಾಕು, ಒಂದು ಭಾಷೆಯ ಅಕ್ಷರಾಭ್ಯಾಸ ಇನ್ನೊಂದಕ್ಕೂ ಆಯಿತು. ಇದು ಆಕಸ್ಮಿಕವಾಗಿ ಒದಗಿದ ಅನುಕೂಲವಲ್ಲ. ರಾಷ್ಟ್ರಗಳು ಒಟ್ಟಿಗೆ ಕುಳಿತು ಚರ್ಚಿಸಿದುದರ ಫಲ.

ಸ್ವಾತಂತ್ರ್ಯಪೂರ್ವದಲ್ಲಿ ಭಾರತದ ಬ್ರೈಲ್ ಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿತ್ತು. ಪ್ರತಿಯೊಂದು ಪ್ರಾಂತದ ಅಂಧ ಶಾಲೆಯೂ, ಕೆಲವೊಮ್ಮೆ ಪ್ರತಿಯೊಬ್ಬ ಉತ್ಸಾಹಿ ಶಿಕ್ಷಕನೂ, ತನ್ನದೇ ಚುಕ್ಕೆಗಳ ಪದ್ಧತಿಯನ್ನು ರೂಪಿಸಿಕೊಂಡಿದ್ದರು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆಯನ್ನು ಆರಂಭಿಸಿದ್ದರು. ಕನ್ನಡಕ್ಕೂ ಮೈಸೂರಿನದೇ ಆದ ಒಂದು ಬ್ರೈಲ್ ಪದ್ಧತಿಯಿತ್ತು. ಆ ಪ್ರಯತ್ನಗಳ ಹಿಂದಿನ ಶ್ರದ್ಧೆ ಗೌರವಾರ್ಹವೇ. ಆದರೆ ಒಂದು ಪ್ರಾಂತದಲ್ಲಿ ಅಚ್ಚಾದ ಪುಸ್ತಕವು ಮತ್ತೊಂದು ಪ್ರಾಂತದ ಬೆರಳುಗಳಿಗೆ ಅರ್ಥವಾಗುತ್ತಿರಲಿಲ್ಲ. ಓದುಗರೇ ವಿರಳವಾಗಿರುವಲ್ಲಿ ಲಿಪಿಯೂ ಹರಿದು ಹಂಚಿಹೋದರೆ ಮುದ್ರಣಾಲಯ ನಡೆಯುವುದಾದರೂ ಹೇಗೆ?

1949ರಲ್ಲಿ ಭಾರತ ಸರ್ಕಾರವು ಈ ಗೊಂದಲದ ಪರಿಹಾರಕ್ಕಾಗಿ ಯುನೆಸ್ಕೋ ಸಂಸ್ಥೆಯ ನೆರವನ್ನು ಕೋರಿತು. ಪರಿಣಾಮವಾಗಿ 1950ರಲ್ಲಿ ಪ್ಯಾರಿಸ್ಸಿನಲ್ಲಿಯೂ 1951ರಲ್ಲಿ ಬೈರೂತಿನಲ್ಲಿಯೂ ತಜ್ಞರ ಸಭೆಗಳು ಜರುಗಿದವು. ಈ ಕಾರ್ಯವನ್ನು ಮುನ್ನಡೆಸಿದ ನ್ಯೂಜಿಲೆಂಡಿನ ಸರ್ ಕ್ಲೂಥಾ ಮೆಕೆಂಜಿಯವರು ಮೊದಲನೆಯ ಮಹಾಯುದ್ಧದಲ್ಲಿ, 1915ರ ಗಲಿಪೊಲಿ ಕದನದಲ್ಲಿ, ದೃಷ್ಟಿ ಕಳೆದುಕೊಂಡವರು. ಮುಂದೆ ಡೆಹ್ರಾಡೂನಿನಲ್ಲಿ ಯುದ್ಧದಿಂದ ಅಂಧರಾದ ಭಾರತೀಯ ಸೈನಿಕರ ಪುನರ್ವಸತಿಯ ಹೊಣೆ ಹೊತ್ತವರು. ಒಂದೇ ಧ್ವನಿಗೆ ಎಲ್ಲ ಭಾರತೀಯ ಭಾಷೆಗಳಲ್ಲಿಯೂ ಒಂದೇ ಚಿಹ್ನೆ, ಸಾಧ್ಯವಿದ್ದಲ್ಲಿ ಅದು ಅಂತರರಾಷ್ಟ್ರೀಯ ಬ್ರೈಲಿನ ಚಿಹ್ನೆಯೂ ಆಗಿರಬೇಕು ಎಂಬ ತತ್ವ ಅಂಗೀಕೃತವಾಗಿ ‘ಭಾರತಿ ಬ್ರೈಲ್’ ರೂಪುಗೊಂಡಿತು. ಕಣ್ಣುಳ್ಳವರು ಭಾರತಕ್ಕೊಂದು ಸಮಾನ ಲಿಪಿ ಬೇಕೇ ಬೇಡವೇ ಎಂದು ವಾದಿಸುತ್ತಲೇ ಇದ್ದಾರೆ. ಕಣ್ಣಿಲ್ಲದವರಿಗೆ ಅದು 1951ರಲ್ಲಿಯೇ ದೊರೆಯಿತು.

ಎರಡನೆಯ ನಿದರ್ಶನ ಕನ್ನಡ ನಾಡಿನ ಹೃದಯದಿಂದಲೇ ಬಂದುದು. ಅಮೆರಿಕದ ಕಾನ್ಸಾಸ್ ರಾಜ್ಯದ ವಿಚಿಟಾ ನಗರದಲ್ಲಿ ವಾಕ್‌ದೋಷ ಚಿಕಿತ್ಸೆಯ ಸಂಸ್ಥೆಯನ್ನು ನಡೆಸುತ್ತಿದ್ದ ಡಾ. ಮಾರ್ಟಿನ್ ಪಾಮರ್ ಅವರು 1960ರ ದಶಕದ ಆರಂಭದಲ್ಲಿ ಭಾರತ ಸರ್ಕಾರಕ್ಕೆ ಸಲಹೆ ನೀಡಿದರು. ತತ್ಫಲವಾಗಿ 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಸಂಸ್ಥೆಯೇ ಇಂದಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಆದರೆ ಹೊರಗಿನಿಂದ ಬಂದ ವಿದ್ಯೆಯನ್ನು ಬಂದಂತೆಯೇ ಬಳಸಲಾಗದು ಎಂಬುದು ಅಲ್ಲಿ ಬೇಗನೆ ಮನದಟ್ಟಾಯಿತು. ಮಗುವಿನ ಉಚ್ಚಾರಣೆಯನ್ನು ಪರೀಕ್ಷಿಸುವ ಇಂಗ್ಲಿಷ್ ಚಿತ್ರಪಟದಲ್ಲಿ ‘ಳ’ಕಾರವೆಲ್ಲಿ, ‘ಣ’ಕಾರವೆಲ್ಲಿ? ‘ಬಳೆ’ ಎನ್ನಲು ಬಾರದ ಮಗುವಿನ ತೊಡಕನ್ನು ‘ಬಾಲ್’ ಎನ್ನಿಸಿ ಕಂಡುಹಿಡಿಯಲಾಗದು. 1972ರ ವೇಳೆಗೆ ಮೈಸೂರಿನ ವಿದ್ವಾಂಸರು ಕನ್ನಡಕ್ಕೆ ಪ್ರತ್ಯೇಕವಾದ ಉಚ್ಚಾರಣಾ ಪರೀಕ್ಷೆಯನ್ನು ಸಿದ್ಧಪಡಿಸಿದ್ದರು. ಯಂತ್ರ ವಿದೇಶದ್ದಾಗಿರಬಹುದು, ವಿಧಾನವೂ ವಿದೇಶದ್ದಾಗಿರಬಹುದು. ಮಗು ಆಡಬೇಕಾದ ಮಾತು ಮಾತ್ರ ಅದರ ತಾಯಿಯದು. ಸಹಕಾರದ ಯಾವುದೇ ಯೋಜನೆಯನ್ನು ಅಳೆಯಲು ಇದಕ್ಕಿಂತ ಉತ್ತಮ ಒರೆಗಲ್ಲು ದೊರೆಯುವುದು ಕಷ್ಟ.

ವಿಠ್ಠಲವಾಡಿಯಂಥ ಬಹುಭಾಷಾ ಪ್ರದೇಶದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಮಾತು ತಡವಾಗಿ ಬರುವ ಮಗುವಿನ ತಂದೆತಾಯಿಗಳಿಗೆ ‘ಮನೆಯಲ್ಲಿ ಕನ್ನಡ ಬಿಡಿ, ಶಾಲೆಯ ಭಾಷೆಯೊಂದನ್ನೇ ಆಡಿ’ ಎಂಬ ಸಲಹೆ ಹಿಂದೆ ಧಾರಾಳವಾಗಿ ದೊರೆಯುತ್ತಿತ್ತು, ಅಲ್ಲಲ್ಲಿ ಇಂದೂ ದೊರೆಯುತ್ತದೆ. ಎರಡು ಭಾಷೆಗಳು ಮಗುವಿನ ತೊಡಕನ್ನು ಹೆಚ್ಚಿಸುತ್ತವೆ ಎಂಬ ಆ ಭಾವನೆಯನ್ನು ಇಂದಿನ ಅಧ್ಯಯನಗಳು ಸಮರ್ಥಿಸುವುದಿಲ್ಲ. ತನಗೆ ಸರಿಯಾಗಿ ಬಾರದ ಭಾಷೆಯಲ್ಲಿ ತಾಯಿಯು ಮಗುವಿನೊಡನೆ ಎಷ್ಟು ಮಾತನಾಡಿಯಾಳು? ಮನೆಮಾತನ್ನು ಕಿತ್ತುಕೊಂಡರೆ ಅನೇಕ ವೇಳೆ ಉಳಿಯುವುದು ಮೌನವೇ.

ಠಾಣೆಯ ಖಾರಿಯಾಚೆಗಿನ ನವಿಮುಂಬಯಿಯಲ್ಲಿಯೂ ಗಮನಿಸಬೇಕಾದ ಒಂದು ಸಂಸ್ಥೆಯಿದೆ. ಕಿವಿಯೂ ಕೇಳದ, ಕಣ್ಣೂ ಕಾಣದ ಮಕ್ಕಳಿಗೆ ಪಾಠ ಹೇಳುವುದು ಸಾಧ್ಯವೇ ಎಂದು ದೇಶದಲ್ಲಿ ಬಹುಮಂದಿ ಶಂಕಿಸುತ್ತಿದ್ದ ಕಾಲದಲ್ಲಿ, 1977ರಲ್ಲಿ, ಬೆರೋಜ್ ವಾಚ್ಛಾ ಅವರು ಮುಂಬಯಿಯಲ್ಲಿ ಹೆಲೆನ್ ಕೆಲ್ಲರ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕೇಂದ್ರ ಮಹಾಪೆಯಲ್ಲಿದೆ. ಸ್ವತಃ ಹೆಲೆನ್ ಕೆಲ್ಲರ್ ಅವರು ಓದಿದ ಅಮೆರಿಕದ ಪರ್ಕಿನ್ಸ್ ಶಾಲೆಯು ಒಂದು ಧರ್ಮದತ್ತಿಯ ನೆರವಿನಿಂದ 1989ರಲ್ಲಿ ಹೊರನಾಡುಗಳ ಶಿಕ್ಷಕರಿಗಾಗಿ ವಿಶೇಷ ಕಾರ್ಯಕ್ರಮವನ್ನು ಆರಂಭಿಸಿತು. ಅಂಗೈಯ ಮೇಲೆ ಅಕ್ಷರ ಬರೆದು, ಮಗುವಿನ ಕೈಯನ್ನು ಹಿಡಿದು ಸನ್ನೆ ಮಾಡಿಸಿ ಕಲಿಸುವ ಈ ವಿದ್ಯೆಯನ್ನು ಪುಸ್ತಕದಿಂದ ಕಲಿಯಲಾಗದು. ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ಹಣಕ್ಕಿಂತ ಮನುಷ್ಯರ ಓಡಾಟ ಮುಖ್ಯವಾಗುವುದು ಇಂಥಲ್ಲಿ.

ನೆರವು ಒಂದೇ ದಿಕ್ಕಿನಲ್ಲಿ ಹರಿಯಿತೆಂದು ಭಾವಿಸಬೇಕಿಲ್ಲ. ಪರ್ಕಿನ್ಸ್ ಹೆಸರಿನ ಬ್ರೈಲ್ ಬೆರಳಚ್ಚು ಯಂತ್ರಗಳನ್ನು ತಮಿಳುನಾಡಿನ ಕಾಟ್ಪಾಡಿಯ ಕಾರ್ಯಾಗಾರದಲ್ಲಿ ತಯಾರಿಸಲಾಗಿದೆ. ಜೈಪುರದ ಕೃತಕ ಪಾದ ಹಲವು ದೇಶಗಳಲ್ಲಿ ನಡೆದಾಡುತ್ತಿದೆ. ಯುನೆಸ್ಕೋ ಸಂಸ್ಥೆಯು ಸಾಮಾನ್ಯ ಶಾಲೆಗಳ ಶಿಕ್ಷಕರಿಗಾಗಿ ತರಬೇತಿ ಸಾಮಗ್ರಿಯನ್ನು ರೂಪಿಸಿದಾಗ ಅದನ್ನು ಪ್ರಯೋಗಿಸಿ ತಿದ್ದಿದ ಎಂಟು ರಾಷ್ಟ್ರಗಳಲ್ಲಿ ಕೆನಡಾ, ಸ್ಪೇನ್, ಜೋರ್ಡಾನ್, ಜಿಂಬಾಬ್ವೆಗಳ ಜೊತೆ ಭಾರತವೂ ಒಂದಾಗಿತ್ತು. ಎನ್.ಸಿ.ಇ.ಆರ್.ಟಿ.ಯ ಎನ್.ಕೆ. ಜಾಂಗೀರಾ ಅವರು ಇಲ್ಲಿ ಆ ಕಾರ್ಯವನ್ನು ನಿರ್ವಹಿಸಿದರು.

ಇಲ್ಲಿ ಎರಡು ಪಾರಿಭಾಷಿಕ ಪದಗಳನ್ನು ಸ್ಪಷ್ಟಪಡಿಸುವುದು ಅಗತ್ಯ. ವಿಶೇಷ ಅಗತ್ಯವುಳ್ಳ ಮಗುವನ್ನು ಸಾಮಾನ್ಯ ಶಾಲೆಗೆ ತಂದು ಕೂರಿಸಿ, ಆ ಶಾಲೆಗೆ ತಕ್ಕಂತೆ ಮಗುವನ್ನು ಸಿದ್ಧಗೊಳಿಸುವುದು ಏಕೀಕೃತ ಶಿಕ್ಷಣ. ಮಗುವಿಗೆ ತಕ್ಕಂತೆ ಶಾಲೆಯೇ ಬದಲಾಗುವುದು ಸಮನ್ವಯ ಶಿಕ್ಷಣ. ಕನ್ನಡದ ಸರ್ಕಾರಿ ಬರವಣಿಗೆಯಲ್ಲಿ ಇವೆರಡೂ ಆಗಾಗ ಒಂದರ ಸ್ಥಾನದಲ್ಲಿ ಇನ್ನೊಂದು ಬಂದು ಕೂರುವುದುಂಟು. ಪದ ಅದಲುಬದಲಾದರೆ ಹೊಣೆಯೂ ಅದಲುಬದಲಾಗುತ್ತದೆ ಎಂಬುದನ್ನು ಮರೆಯಲಾಗದು. ಭಾರತದಲ್ಲಿ ಮೊದಲನೆಯದಕ್ಕೆ ಸಂಬಂಧಿಸಿದ ಕೇಂದ್ರ ಯೋಜನೆ 1974ರಲ್ಲಿ ಬಂತು. 1987ರಲ್ಲಿ ಯುನಿಸೆಫ್ ನೆರವಿನ ಪ್ರಾಯೋಗಿಕ ಯೋಜನೆಯೊಂದು ಮಹಾರಾಷ್ಟ್ರವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ವಿಭಾಗಗಳಲ್ಲಿ ಜಾರಿಗೊಂಡಿತು. ಎರಡನೆಯ ವಿಚಾರಕ್ಕೆ ಜಾಗತಿಕ ಮನ್ನಣೆ ದೊರೆತುದು 1994ರ ಜೂನ್ ತಿಂಗಳಲ್ಲಿ ಸ್ಪೇನಿನ ಸಲಮಾಂಕಾ ನಗರದಲ್ಲಿ. 92 ಸರ್ಕಾರಗಳ ಹಾಗೂ 25 ಅಂತರರಾಷ್ಟ್ರೀಯ ಸಂಸ್ಥೆಗಳ ಪ್ರತಿನಿಧಿಗಳು ಅಲ್ಲಿ ನೆರೆದು, ಎಲ್ಲ ಮಕ್ಕಳಿಗೂ ಸಾಮಾನ್ಯ ಶಾಲೆಯ ಬಾಗಿಲು ತೆರೆದಿರಬೇಕೆಂದು ಸಾರಿದರು.

ಘೋಷಣೆ ಮಾಡುವುದು ಸುಲಭ, ತಾನು ಕಟ್ಟಿದುದನ್ನು ತಾನೇ ಪ್ರಶ್ನಿಸುವುದು ಕಷ್ಟ. ಮುಂಬಯಿಯಲ್ಲಿ ಡಾ. ಮಿಥು ಆಲೂರ್ ಅವರು 1972ರಲ್ಲಿ ಸ್ಥಾಪಿಸಿದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಮಿದುಳಿನ ಪಾರ್ಶ್ವವಾಯುವಿಗೆ ತುತ್ತಾದ ಮಕ್ಕಳಿಗಾಗಿ ವಿಶೇಷ ಶಾಲೆಗಳನ್ನು ನಡೆಸಿ ಹೆಸರು ಪಡೆದಿತ್ತು. ಅದೇ ಸಂಸ್ಥೆ 1999ರಲ್ಲಿ ಕೆನಡಾ ಸರ್ಕಾರದ ಅಭಿವೃದ್ಧಿ ನೆರವಿನೊಡನೆ ಸಮನ್ವಯ ಶಿಕ್ಷಣದ ಸಂಪನ್ಮೂಲ ಕೇಂದ್ರವನ್ನು ತೆರೆದು, ತನ್ನ ವಿಶೇಷ ಶಾಲೆಗಳ ಮಕ್ಕಳನ್ನು ಸಾಮಾನ್ಯ ಶಾಲೆಗಳಿಗೆ ಕಳುಹಿಸತೊಡಗಿತು. ಯುನಿಸೆಫ್ ಸಹಯೋಗದಲ್ಲಿ ಧಾರಾವಿಯ ಅಂಗನವಾಡಿಗಳಲ್ಲಿ ವಿಕಲತೆಯುಳ್ಳ ಮತ್ತು ಇಲ್ಲದ ಮಕ್ಕಳನ್ನು ಒಟ್ಟಿಗೆ ಕೂರಿಸಿದ ಪ್ರಯೋಗವೂ ಅದರದೇ. ಕಿಷ್ಕಿಂಧೆಯಂಥ ಕೊಠಡಿ, ಬಡ ಬಸ್ತಿ. ಅಲ್ಲಿ ಸಾಧ್ಯವಾದುದು ಉಲ್ಹಾಸನಗರದ, ಕಲ್ಯಾಣದ ಅಂಗನವಾಡಿಗಳಲ್ಲಿ ಸಾಧ್ಯವಿಲ್ಲವೆನ್ನಲು ಕಾರಣ ಸಾಲದು.

ವಿದೇಶೀ ನೆರವಿನ ಯೋಜನೆಗಳಿಗೆ ಒಂದು ಸಹಜ ದೌರ್ಬಲ್ಯವಿದೆ, ಅದನ್ನು ಮುಚ್ಚಿಡುವುದು ತರವಲ್ಲ. ಯೋಜನೆಯ ಅವಧಿ ಮೂರು ವರ್ಷವೋ ಐದು ವರ್ಷವೋ. ಮಗುವಿನ ಶಾಲಾವಧಿ ಹತ್ತು ಹನ್ನೆರಡು ವರ್ಷ. ಯೋಜನೆ ಮುಗಿದಾಗ ಸಂಪನ್ಮೂಲ ಶಿಕ್ಷಕಿ ಹೊರಟುಹೋದರೆ ನಾಲ್ಕನೆಯ ತರಗತಿಯ ಮಗು ನಡುನೀರಿನಲ್ಲಿ ಉಳಿಯುತ್ತದೆ. ಇದಕ್ಕಿರುವ ಪರಿಹಾರ ಸ್ವದೇಶದ ಕಾನೂನು, ಸ್ವದೇಶದ ಅಂದಾಜುಪಟ್ಟಿ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ 2006ರಲ್ಲಿ ಅಂಗೀಕೃತವಾಯಿತು. ಅದರ 24ನೆಯ ವಿಧಿ ಶಿಕ್ಷಣವನ್ನೂ 32ನೆಯ ವಿಧಿ ಅಂತರರಾಷ್ಟ್ರೀಯ ಸಹಕಾರವನ್ನೂ ಕುರಿತದ್ದು. ಭಾರತವು 2007ರ ಅಕ್ಟೋಬರ್ 1ರಂದು ಅದನ್ನು ಅನುಮೋದಿಸಿತು. ಆ ವಚನಕ್ಕೆ ಅನುಗುಣವಾಗಿ ಬಂದುದೇ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ. 1995ರ ಅಧಿನಿಯಮವು ಏಳು ಬಗೆಯ ವಿಕಲತೆಗಳನ್ನು ಮಾತ್ರ ಗುರುತಿಸಿತ್ತು. ಇದು 21 ಬಗೆಗಳನ್ನು ಗುರುತಿಸಿ, ನಿಗದಿತ ಪ್ರಮಾಣದ ವಿಕಲತೆಯುಳ್ಳ 6ರಿಂದ 18 ವರ್ಷದ ಪ್ರತಿ ಮಗುವಿಗೆ ನೆರೆಹೊರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಸಹಿ ಬಿದ್ದ ಕಾಗದವು ವಿಠ್ಠಲವಾಡಿಯ ಮನೆಬಾಗಿಲಿಗೆ ತಲುಪುವುದು ಈ ದಾರಿಯಲ್ಲಿ.

ಪುಸ್ತಕಗಳ ವಿಷಯದಲ್ಲಿಯೂ ಹೀಗೆಯೇ. ಕೃತಿಸ್ವಾಮ್ಯದ ನಿಯಮಗಳ ದೆಸೆಯಿಂದ ಒಂದು ದೇಶದಲ್ಲಿ ಬ್ರೈಲಿಗೋ ಧ್ವನಿರೂಪಕ್ಕೋ ಇಳಿಸಿದ ಪುಸ್ತಕವನ್ನು ಇನ್ನೊಂದು ದೇಶಕ್ಕೆ ಕಳುಹಿಸುವುದು ತೊಡಕಾಗಿತ್ತು. ಈ ಅಡ್ಡಿಯನ್ನು ನಿವಾರಿಸುವ ಮಾರಕೇಶ್ ಒಪ್ಪಂದ 2013ರಲ್ಲಿ ಏರ್ಪಟ್ಟಿತು. ಅದನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ರಾಷ್ಟ್ರ ಭಾರತ.

ಇಷ್ಟಾದರೂ ದಾರಿಯ ದೂರ ಉಳಿದೇ ಇದೆ. ಶ್ರವಣದೋಷವುಳ್ಳ ಮಗುವನ್ನು ವಿಠ್ಠಲವಾಡಿಯಿಂದ ಬಾಂದ್ರಾಕ್ಕೆ, 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಗೆ, ಕರೆದೊಯ್ಯಬೇಕಾದರೆ ಲೋಕಲ್ ಗಾಡಿಯಲ್ಲಿ ದಾದರ್ ತಲುಪಿ, ಮೇಲ್ಸೇತುವೆ ಹತ್ತಿಳಿದು, ಪಶ್ಚಿಮ ರೈಲ್ವೆಯ ಗಾಡಿ ಹಿಡಿಯಬೇಕು. ಗಾಡಿಯಲ್ಲಿ ವಿಕಲಚೇತನರಿಗೆ ಮೀಸಲಾದ ಡಬ್ಬಿಯಿದೆ, ನಿಜ. ಬೆಳಗಿನ ನೂಕುನುಗ್ಗಲಿನಲ್ಲಿ ಅದನ್ನು ಹತ್ತುವುದೇ ಒಂದು ಸಾಹಸ. ಒಂದು ಭೇಟಿಗೆ ತಂದೆಯ ಒಂದು ದಿನದ ಕೂಲಿ ಹೋಗುತ್ತದೆ. ವಾರಕ್ಕೆರಡು ಸಲ ಬನ್ನಿ ಎಂಬ ತಜ್ಞರ ಸಲಹೆ ಶಾಸ್ತ್ರದೃಷ್ಟಿಯಿಂದ ಸರಿಯಾದುದೇ, ಆದರೆ ಆ ಕೂಲಿಯ ಲೆಕ್ಕವನ್ನು ಅದು ಒಳಗೊಂಡಿರುವುದಿಲ್ಲ. ಸಮೀಪದ ಶಾಲೆಯಲ್ಲಿಯೇ ಸಂಪನ್ಮೂಲ ಶಿಕ್ಷಕರು ದೊರೆಯಬೇಕೆಂಬ ಒತ್ತಾಯಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಪಾಲಕರ ತಿಳಿವಳಿಕೆಗಾಗಿ ಕೆಲವು ವಿಷಯಗಳು. ಊರಿನಿಂದ ವಲಸೆ ಬಂದ ಕುಟುಂಬಗಳಿಗೆ ಹಿಂದೆ ಒಂದು ರಾಜ್ಯದ ಅಂಗವಿಕಲತೆಯ ಪ್ರಮಾಣಪತ್ರವು ಇನ್ನೊಂದು ರಾಜ್ಯದ ಕಚೇರಿಯಲ್ಲಿ ಪ್ರಶ್ನೆಗೊಳಗಾಗುವ ತೊಂದರೆಯಿತ್ತು. ಈಗ ಕೇಂದ್ರ ಸರ್ಕಾರದ ವಿಶಿಷ್ಟ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ದೇಶದಾದ್ಯಂತ ಊರ್ಜಿತ, 2021ರ ಜೂನ್ 1ರಿಂದ ಪ್ರಮಾಣಪತ್ರಗಳನ್ನು ಆನ್‌ಲೈನ್ ಮೂಲಕವೇ ನೀಡುವುದು ಕಡ್ಡಾಯವಾಗಿದೆ. ಮಗುವಿನ ಕಿವಿಯ ಬಗೆಗೆ ಸಂಶಯವಿದ್ದರೆ ‘ದೊಡ್ಡದಾದ ಮೇಲೆ ಸರಿಹೋದೀತು’ ಎಂದು ಕಾಯಬಾರದು. ಶ್ರವಣ ಸಾಧನವಾಗಲಿ ಕಾಕ್ಲಿಯರ್ ಶಸ್ತ್ರಚಿಕಿತ್ಸೆಯಾಗಲಿ ಫಲ ನೀಡುವುದು ಮೊದಲ ಕೆಲವು ವರ್ಷಗಳಲ್ಲಿ. ನೆರೆಹೊರೆಯ ಶಾಲೆಯು ಪ್ರವೇಶ ನಿರಾಕರಿಸಿದಲ್ಲಿ ನಿರಾಕರಣೆಯನ್ನೂ ಅದರ ಕಾರಣವನ್ನೂ ಬರಹದಲ್ಲಿ ಕೇಳಿ ಪಡೆಯತಕ್ಕದ್ದು. ಆ ಬರಹದ ಪ್ರತಿಯೊಡನೆ ಪುಣೆಯಲ್ಲಿರುವ ಮಹಾರಾಷ್ಟ್ರದ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು. ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದ ಕನ್ನಡಿಗ ಪಾಲಕರಿಗೆ ಡೊಂಬಿವಲಿ, ಕಲ್ಯಾಣ ಭಾಗದ ಕನ್ನಡ ಸಂಘಗಳ ವಿದ್ಯಾವಂತ ಸದಸ್ಯರು ಭಾನುವಾರದ ಒಂದು ಗಂಟೆಯನ್ನು ಕೊಟ್ಟರೆ ಆ ಅರ್ಜಿ ಸೋಮವಾರದ ಅಂಚೆಗೆ ಸೇರುತ್ತದೆ.