ಕಾಯಿಲೆಯ ಹಾಸಿಗೆಯಲ್ಲಿ ಬದಲಾದ ನಂಬಿಕೆ



ನಿಮ್ಮ ತಾಯಿಯೋ ತಂದೆಯೋ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಾರೆ ಎಂದುಕೊಳ್ಳಿ. ಪರೀಕ್ಷೆ ಮುಗಿಸಿಕೊಂಡು ನೀವು ನೋಡಲು ಹೋಗುತ್ತೀರಿ. ಅವರು ನಿಮ್ಮ ಕೈ ಹಿಡಿದುಕೊಂಡು, ತಾನು ಕ್ರೈಸ್ತ ಧರ್ಮಕ್ಕೆ ಸೇರಬೇಕೆಂದಿದ್ದೇನೆ ಎಂದು ಹೇಳುತ್ತಾರೆ. ಆಗ ನೀವೇನು ಮಾಡುತ್ತೀರಿ? ಸಿಟ್ಟಾಗುತ್ತೀರಾ? ಅಳುತ್ತೀರಾ? ಯಾರ ಮೇಲೆ ತಪ್ಪು ಹೊರಿಸುತ್ತೀರಿ?

ಇದು ಬರೀ ಕಲ್ಪನೆಯ ಪ್ರಶ್ನೆಯಲ್ಲ. 1999ರಲ್ಲಿ ಇದು ನನ್ನ ಮುಂದೆಯೇ ಬಂದು ನಿಂತಿತ್ತು. ನಾನಾಗ ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿ. ನಮ್ಮ ಊರು ಸುರಪುರ ತಾಲ್ಲೂಕಿನ ದೇವಾಪುರ. ಇಂದು ಅದು ಯಾದಗಿರಿ ಜಿಲ್ಲೆಯಲ್ಲಿದೆ. ಆಗ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಕೃಷ್ಣೆಯ ದಂಡೆಯ ತಿಂಥಣಿ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ಒಟ್ಟಿಗೆ ನಡೆದುಕೊಳ್ಳುವ ಸೀಮೆ ನಮ್ಮದು. ಅವ್ವನಿಗೆ ಕೆಮ್ಮು ಹತ್ತಿದಾಗ ಮನೆಯಲ್ಲಿ ಮೊದಲು ಹೊತ್ತದ್ದು ಮೌನೇಶ್ವರನ ಹರಕೆಯೇ. ಎರಡು ತಿಂಗಳಾದರೂ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಜ್ವರ, ರಾತ್ರಿ ಬೆವರು. ಒಂದು ದಿನ ಕಫದಲ್ಲಿ ರಕ್ತ ಕಾಣಿಸಿತು. ಆಗ ಅಪ್ಪ ಆಕೆಯನ್ನು ದೂರದ ಒಂದು ಮಿಷನ್ ಆಸ್ಪತ್ರೆಗೆ ಕರೆದೊಯ್ದರು. ಕಫ ಪರೀಕ್ಷೆಯಾಯಿತು, ಎಕ್ಸ್-ರೇ ಆಯಿತು. ಕ್ಷಯರೋಗವೆಂದು ತಿಳಿಯಿತು.

ಕ್ಷಯ ಎಂದೊಡನೆ ನಮ್ಮ ಬಂಧುಗಳು ಹಿಂದೆ ಸರಿದರು. ಅವ್ವನ ಗಂಗಾಳ, ಚರಿಗೆ ಬೇರೆಯಾದವು. ವಿಜ್ಞಾನ ಓದುತ್ತಿದ್ದ ನನಗೆ ಈ ರೋಗ ತಟ್ಟೆ ಲೋಟದಿಂದ ಅಂಟುವುದಿಲ್ಲ, ರೋಗಿ ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣುಗಳಿಂದ ಹರಡುತ್ತದೆ ಎಂಬುದು ಗೊತ್ತಿತ್ತು. ಗೊತ್ತಿದ್ದೂ ನಾನೇನು ಮಾಡಿದೆ? ಪರೀಕ್ಷೆಯ ನೆಪ ಹೇಳಿ ಗುಲ್ಬರ್ಗಾದಲ್ಲೇ ಉಳಿದೆ. ಮೂರು ವಾರ ಕಳೆದು ಹೋದಾಗ ಅವ್ವ ಎದ್ದು ಕುಳಿತಿದ್ದಳು. ಮುಖದಲ್ಲಿ ಕಳೆ ಬಂದಿತ್ತು. ದಿಂಬಿನ ಪಕ್ಕದಲ್ಲಿ ಸತ್ಯವೇದದ ಪುಸ್ತಕವಿತ್ತು.

"ನಾ ಯೇಸುಸ್ವಾಮಿ ಹಾದಿ ಹಿಡೀಬೇಕಂತ ಮಾಡೀನಿ. ನಿಂಗ ಸಿಟ್ಟು ಬರ್ತದೇನಪಾ?" ಎಂದು ಕೇಳಿದಳು.

ಸಿಟ್ಟು ಬಂತು. "ನಿನ್ನ ಕಾಯಿಲಿ ವಾಸಿ ಮಾಡಿದ್ದು ಗುಳಿಗಿ ಅವ್ವಾ, ದೇವರಲ್ಲ" ಎಂದುಬಿಟ್ಟೆ.

ವಿದ್ಯಾರ್ಥಿ ಮಿತ್ರರೇ, ನಾನು ಹೇಳಿದ್ದರಲ್ಲಿ ವಿಜ್ಞಾನವಿತ್ತು. ಕ್ಷಯದ ರೋಗಾಣುವನ್ನು ಕಂಡುಹಿಡಿದ ಸಂಗತಿಯನ್ನು ರಾಬರ್ಟ್ ಕಾಕ್ ಪ್ರಕಟಿಸಿದ್ದು 1882ರ ಮಾರ್ಚ್ 24ರಂದು. ಅದಕ್ಕೆ ಪರಿಣಾಮಕಾರಿ ಔಷಧಿಗಳು ಬಂದದ್ದು 1940ರ ದಶಕದಿಂದ ಈಚೆಗೆ. ಸರಿಯಾದ ಔಷಧಿ ಆರಂಭಿಸಿದ ಕೆಲವೇ ವಾರಗಳಲ್ಲಿ ಹೆಚ್ಚಿನ ರೋಗಿಗಳಲ್ಲಿ ಜ್ವರ ಇಳಿಯುತ್ತದೆ, ಹಸಿವು ಹುಟ್ಟುತ್ತದೆ, ಕೆಮ್ಮು ತಗ್ಗುತ್ತದೆ. ಆ ವಾರಗಳಲ್ಲಿ ರೋಗಿ ಯಾವ ದೇವರನ್ನು ನೆನೆದಿರುತ್ತಾನೋ ಕೀರ್ತಿ ಆ ದೇವರಿಗೆ ಸಲ್ಲುತ್ತದೆ. ಒಬ್ಬನಿಗೆ ಅದು ಹರಕೆ, ಇನ್ನೊಬ್ಬನಿಗೆ ತಾಯತ, ಮತ್ತೊಬ್ಬನಿಗೆ ಪ್ರಾರ್ಥನೆ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲಿನದು ಕಾರಣ, ಎರಡನೆಯದು ಕಾರ್ಯ ಎನ್ನಲಾಗದು. ಇದು ನಿಮ್ಮ ಪಠ್ಯಪುಸ್ತಕದಲ್ಲೂ ಇದೆ.

ಆದರೆ ಅವ್ವ ಕೊಟ್ಟ ಉತ್ತರ ಪಠ್ಯಪುಸ್ತಕದಲ್ಲಿರಲಿಲ್ಲ. "ಗುಳಿಗಿ ಎದಿ ವಾಸಿ ಮಾಡ್ಯಾದ, ನಾ ಇಲ್ಲ ಅನ್ನಂಗಿಲ್ಲ. ಆದ್ರ ರಾತ್ರಿ ಕೆಮ್ಮು ಹತ್ತಿದಾಗ ನನ್ನ ಬಾಜೂಕ ಯಾರಿದ್ರು? ನಮ್ಮ ಮಂದಿ ಹೊಸ್ತಿಲ ದಾಟಲಿಲ್ಲ. ಆ ಸಿಸ್ಟರ್ ನನ್ನ ಎಂಜಲ ಗಂಗಾಳ ತೊಳದ್ಳು" ಎಂದಳು. ನನ್ನ ಹೆಸರನ್ನು ಆಕೆ ಎತ್ತಲಿಲ್ಲ. ಎತ್ತಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ನಾಡಿಗೇ ಸೇರಿದ ಒಬ್ಬ ಮಹಿಳೆಯ ಕಥೆ ಈ ವಿಷಯದಲ್ಲಿ ನಮಗೆ ಬೆಳಕಾಗಬಲ್ಲದು.

ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಣ್ಣಿಗೆ ಸಂಸ್ಕೃತ ಕಲಿಸಬಾರದು ಎನ್ನುತ್ತಿದ್ದ ಕಾಲದಲ್ಲಿ ಅವರು ಹೆಂಡತಿಗೆ ಸಂಸ್ಕೃತ ಕಲಿಸಿದರು. ತಾಯಿ ಮಗಳಿಗೆ ಕಲಿಸಿದಳು. ಕುಟುಂಬ ತೀರ್ಥಯಾತ್ರೆ ಮಾಡುತ್ತ, ಪುರಾಣ ಹೇಳುತ್ತ ಊರೂರು ಅಲೆಯಿತು. 1870ರ ದಶಕದ ಕ್ಷಾಮದಲ್ಲಿ ಹಸಿವಿನಿಂದ ಬಳಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. 1880ರಲ್ಲಿ ಅಣ್ಣ ಹೋದ. 1882ರಲ್ಲಿ ಗಂಡ ಬಿಪಿನ್ ಬಿಹಾರಿ ಮೇಧ್ವಿ ಕಾಲರಾಕ್ಕೆ ಬಲಿಯಾದರು. ಕೈಯಲ್ಲಿ ಉಳಿದದ್ದು ಮನೋರಮಾ ಎಂಬ ಹಸುಗೂಸು.

ವೈದ್ಯಕೀಯ ಓದಬೇಕೆಂದು ರಮಾಬಾಯಿ 1883ರಲ್ಲಿ ಇಂಗ್ಲೆಂಡಿಗೆ ಹೋದರು. ಹೆಚ್ಚುತ್ತಿದ್ದ ಕಿವುಡುತನ ಆ ಆಸೆಗೆ ಅಡ್ಡ ಬಂತು. ಅದೇ ವರ್ಷ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ಅವರು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಸುದ್ದಿ ತಿಳಿದು ಪುಣೆಯಲ್ಲಿ ಕೋಲಾಹಲವೆದ್ದಿತು. ದುಃಖದಲ್ಲಿದ್ದ ವಿಧವೆಯನ್ನು ಪುಸಲಾಯಿಸಿದ್ದಾರೆ ಎಂದವರು ಹಲವರು. ಜೋತಿಬಾ ಫುಲೆಯವರಂತೆ ಅವರ ಪರ ನಿಂತವರು ಕೆಲವರು ಮಾತ್ರ.

ರಮಾಬಾಯಿ ಪುಸಲಾವಣೆಗೆ ಒಳಗಾದವರೇ? ಮುಂದೆ ನಡೆದದ್ದನ್ನು ನೋಡಿ. ದೀಕ್ಷೆ ಕೊಟ್ಟವರೊಡನೆಯೇ ಅವರು ವರ್ಷಗಟ್ಟಲೆ ವಾದ ಮಾಡಿದರು. ಹೇಳಿದ್ದನ್ನೆಲ್ಲ ಒಪ್ಪಲಿಲ್ಲ. ಮಾಂಸಾಹಾರ ಹಿಡಿಯಲಿಲ್ಲ. ತನ್ನ ಮನಸ್ಸಾಕ್ಷಿಗೆ ತಾನೇ ಒಡತಿ ಎಂದು ಗುರುಗಳಾಗಿದ್ದ ಸನ್ಯಾಸಿನಿಗೆ ನೇರವಾಗಿ ಬರೆದರು. ಭಾರತಕ್ಕೆ ಮರಳಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮುಂದೆ ಕೇಡ್ಗಾಂವ್‌ನಲ್ಲಿ ಮುಕ್ತಿ ಮಿಷನ್ ಬೆಳೆಸಿದರು. ದುಃಖ ಅವರನ್ನು ಬಾಗಿಲವರೆಗೆ ತಂದಿರಬಹುದು; ಒಳಗೆ ಕಾಲಿಟ್ಟದ್ದು ಅವರ ಸ್ವಂತ ಬುದ್ಧಿ.

ತಾಯಿಯ ನಿರ್ಧಾರವನ್ನು ಮಗುವಾಗಿದ್ದಾಗಲೇ ಹೊತ್ತ ಮನೋರಮಾ ಏನಾದಳು? ಓದಿದಳು, ತಾಯಿಗೆ ಬಲಗೈಯಾದಳು. 1912ರಲ್ಲಿ ನಿಜಾಮರ ಸೀಮೆಯಲ್ಲಿದ್ದ ನಮ್ಮ ಗುಲ್ಬರ್ಗಾದಲ್ಲಿ ಒಂದು ಶಾಲೆ ತೆರೆದಳು. 1921ರಲ್ಲಿ ಮಗಳು ತೀರಿಕೊಂಡಳು. ಮರುವರ್ಷ ಏಪ್ರಿಲ್‌ನಲ್ಲಿ ತಾಯಿ. ನಾನು ಓದಿದ ಊರಿನಲ್ಲೇ ಆ ಮಗಳು ಪಾಠ ಹೇಳಿಸಿದ್ದಳೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ, ಒಂದು ಕಾರ್ಯಕ್ರಮದ ತಯಾರಿಯಲ್ಲಿ.

ಮತ್ತೆ ಅವ್ವನ ಕಡೆಗೆ ಬರೋಣ. ಆಕೆ ಊರಿಗೆ ಮರಳಿದ ಮೇಲೆ ನಿಜವಾದ ಅಪಾಯ ಬಂತು. ಊರೂರು ತಿರುಗುತ್ತಿದ್ದ ಒಬ್ಬ ಪ್ರಚಾರಕ, ನಂಬಿಕೆಯಿರುವವಳಿಗೆ ಗುಳಿಗೆ ಏಕೆ ಎಂದು ಹೇಳಿ ಹೋಗಿದ್ದ. ರಜೆಗೆ ಹೋದಾಗ ಹಾಸಿಗೆಯ ಕೆಳಗೆ ಹನ್ನೊಂದು ದಿನದ ಮಾತ್ರೆಗಳು ಹಾಗೆಯೇ ಇದ್ದವು. ನನ್ನ ಎದೆ ಝಲ್ಲೆಂದಿತು. ಕ್ಷಯಕ್ಕೆ ಆರು ತಿಂಗಳು ಔಷಧಿ ಬೇಕು. ಏಕೆಂದರೆ ಹೆಚ್ಚಿನ ರೋಗಾಣುಗಳು ಬೇಗ ಸತ್ತರೂ ಕೆಲವು ನಿದ್ರಿಸುವಂತೆ ನಿಧಾನವಾಗಿ ಬದುಕುತ್ತಿರುತ್ತವೆ. ನಡುವೆ ಬಿಟ್ಟರೆ ರೋಗ ಮರುಕಳಿಸುತ್ತದೆ. ಅದೇ ಔಷಧಿಗೆ ಬಗ್ಗದ ರೋಗಾಣುಗಳೂ ಬೆಳೆಯಬಹುದು.

ಆ ದಿನ ನಾನು ದೇವರ ವಿಷಯ ಎತ್ತಲಿಲ್ಲ. ಅವ್ವನನ್ನು ಬಸ್ಸು ಹತ್ತಿಸಿ ಅದೇ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ವೈದ್ಯರೂ ಕ್ರೈಸ್ತರೇ. ಅವರು ಅವ್ವನನ್ನು ಗದರಿದರು: "ಪ್ರಾರ್ಥನೆ ಮಾಡಮ್ಮಾ, ಯಾರು ಬೇಡ ಅಂದರು? ಮಾತ್ರೆ ನುಂಗಿ ಪ್ರಾರ್ಥನೆ ಮಾಡು." ಮತ್ತೆ ಕಫ ಪರೀಕ್ಷಿಸಿ ಔಷಧಿ ಮುಂದುವರಿಸಿದರು. ಅಂದಿನಿಂದ ಅವ್ವ ಮುಂಜಾನೆಯ ಪ್ರಾರ್ಥನೆಗೆ ಕೂರುವ ಮುನ್ನ ಮಾತ್ರೆ ನುಂಗತೊಡಗಿದಳು. ಚಿಕಿತ್ಸೆ ಪೂರ್ಣವಾಯಿತು. ಆಮೇಲೆ, ಮೈಯಲ್ಲಿ ಕಸುವು ತುಂಬಿದ ಮೇಲೆ, ಆಕೆ ದೀಕ್ಷಾಸ್ನಾನ ಪಡೆದಳು. ಅಪ್ಪ ಮಾತಾಡದೆ ಜೊತೆಗೆ ಹೋದರು. ನಾನು ಹೋಗಲಿಲ್ಲ. ಆ ಒಂದು ದಿನ ಇಂದಿಗೂ ನನ್ನ ಲೆಕ್ಕದಲ್ಲಿ ಬಾಕಿ ಉಳಿದಿದೆ.

ಇಂಥ ಸಂದರ್ಭ ನಿಮ್ಮ ಮನೆಗೆ ಬಂದರೆ ಕೇಳಬೇಕಾದ ಪ್ರಶ್ನೆಗಳು ಮೂರು. ಮೊದಲನೆಯದು: ಚಿಕಿತ್ಸೆಗೂ ಮತಕ್ಕೂ ಯಾರಾದರೂ ಗಂಟು ಹಾಕಿದರೇ? ಧರ್ಮ ಬದಲಿಸಿದರೆ ಮಾತ್ರ ಔಷಧಿ ಎಂದರೆ ಅದು ಸೇವೆಯಲ್ಲ, ವ್ಯಾಪಾರ. ಹಾಸಿಗೆಯಲ್ಲಿರುವವರ ಮುಂದೆ ನಿಂತವರ ಕೈ ಸದಾ ಮೇಲಿರುತ್ತದೆ. ಅದನ್ನು ಬಳಸಿಕೊಳ್ಳುವುದು ಯಾವ ಧರ್ಮದವರು ಮಾಡಿದರೂ ತಪ್ಪೇ. ಎರಡನೆಯದು: ಬೇಡ ಎನ್ನುವ ಸ್ವಾತಂತ್ರ್ಯ ರೋಗಿಗೆ ಇತ್ತೇ? ನಮ್ಮ ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎಲ್ಲರಿಗೂ ಕೊಟ್ಟಿದೆ. ಸುಪ್ರೀಂ ಕೋರ್ಟು 1977ರ ತೀರ್ಪಿನಲ್ಲಿ, ಪ್ರಚಾರದ ಹಕ್ಕು ಎಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಅಂದರೆ ಆಯ್ಕೆ ಆಯಾ ವ್ಯಕ್ತಿಯದೇ ಆಗಿರಬೇಕು. ಮೂರನೆಯದು: ಜ್ವರ ಇಳಿದ ಮೇಲೂ ಆ ನಿರ್ಧಾರ ನಿಂತಿತೇ? ನಿಂತರೆ ಅದನ್ನು ಕಾಯಿಲೆಯ ಬಡಬಡಿಕೆ ಎನ್ನಲಾಗದು.

ಈ ಮೂರಕ್ಕೂ ಅವ್ವನ ಕಡೆಯಿಂದ ನನಗೆ ಸರಿಯಾದ ಉತ್ತರ ಸಿಕ್ಕಿತು. ನಾನು ಆಕೆಯ ಹಾದಿ ಹಿಡಿಯಲಿಲ್ಲ; ಆಕೆಯೂ ಒತ್ತಾಯಿಸಲಿಲ್ಲ. ಊರಿಗೆ ಹೋದಾಗ ಭಾನುವಾರ ಆಕೆಯನ್ನು ಪ್ರಾರ್ಥನೆಗೆ ಬಿಟ್ಟುಬರುತ್ತೇನೆ. ತಿಂಥಣಿ ಜಾತ್ರೆಗೆ ಹೊರಟವರಿಗೆ ಆಕೆ ಇಂದಿಗೂ ರೊಟ್ಟಿ ಬುತ್ತಿ ಕಟ್ಟಿಕೊಡುತ್ತಾಳೆ.

ಮಿತ್ರರೇ, ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಅವರು ಯಾವ ದೇವರನ್ನು ನೆನೆಯುತ್ತಾರೆ ಎಂಬುದನ್ನು ಆಮೇಲೆ ವಿಚಾರಿಸಿ. ಮೊದಲು ಮಾತ್ರೆ ನುಂಗಿದರೇ ನೋಡಿ. ಪಕ್ಕದಲ್ಲಿ ಒಂದು ರಾತ್ರಿ ಕೂತುಕೊಳ್ಳಿ.