ಜೈಲಿನಿಂದ ಬಂದ ಒಂದು ಕಾಗದ
(ರಾಜೇಶ್ವರದಲ್ಲಿ ಹಾಸ್ಟೆಲ್ ಹುಡುಗರ ಮುಂದೆ ಆಡಿದ ಮಾತು)



ಪೊಲೀಸರು ನಮ್ಮ ಕೇರಿಯ ಒಬ್ಬನನ್ನು ಜೀಪಿನಾಗ ಹಾಕ್ಕೊಂಡು ಹೋದರೆ ಮನೆಯವರು ಮೊದಲು ಏನಂತಾರ? ‘ವಕೀಲರಿಗೆ ರೊಕ್ಕ ಎಲ್ಲಿಂದ ತರೋದು?’ ರೊಕ್ಕ ಇಲ್ಲದವರಿಗೆ ಬಾಯಿಯೂ ಇಲ್ಲ ಅಂತ ನಾವು ನಂಬಿಬಿಟ್ಟಿದ್ದೇವೆ. ಈ ನಂಬಿಕೆ ಸುಳ್ಳು.

1984ರ ಏಪ್ರಿಲಿನಲ್ಲಿ ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿ ರಾಮಮೂರ್ತಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದ. ಮೈಮುರಿದು ದುಡಿದರೂ ಕೈದಿಗಳಿಗೆ ನ್ಯಾಯವಾದ ಕೂಲಿ ಇಲ್ಲ, ಊಟ ತಿನ್ನುವಂತಿಲ್ಲ, ಹಿಂಸೆ ಅದ ಅಂತ. ಆ ಕಾಗದವೇ ರಿಟ್ ಅರ್ಜಿಯಾಯಿತು. ಕೂಲಿ ಕೇಳಿದ ಕಾಗದಕ್ಕೆ 1996ರ ಡಿಸೆಂಬರಿನಲ್ಲಿ ಬಂದ ತೀರ್ಪು ಇಡೀ ದೇಶದ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಎತ್ತಿತು. 1894ರ ಜೈಲು ಕಾಯ್ದೆ ಬದಲಾಗಬೇಕು ಎಂದಿತು.

ಅದಕ್ಕೂ ಮುಂಚೆ, 1979ರಲ್ಲಿ, ದಿಲ್ಲಿಯ ತಿಹಾರ್ ಜೈಲಿನಲ್ಲಿ ಗಲ್ಲುಶಿಕ್ಷೆಯಾಗಿದ್ದ ಸುನಿಲ್ ಬಾತ್ರಾ ಹೀಗೆಯೇ ಬರೆದಿದ್ದ. ತನಗಾಗಿ ಅಲ್ಲ, ವಾರ್ಡರನ ಹಿಂಸೆಗೆ ಸಿಕ್ಕ ಇನ್ನೊಬ್ಬ ಕೈದಿಗಾಗಿ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಅದನ್ನು ಕೇಳಿತು.

ಈ ಬಾಗಿಲು ಯಾರು ಇಟ್ಟದ್ದು? ಸಂವಿಧಾನದ 32ನೇ ವಿಧಿ. ಅದು ಸಂವಿಧಾನದ ಆತ್ಮ, ಹೃದಯ ಎಂದು ಬಾಬಾಸಾಹೇಬರು 1948ರಲ್ಲೇ ಹೇಳಿದ್ದರು. ದಿಲ್ಲಿತನಕ ಹೋಗಬೇಕಂತಲೂ ಇಲ್ಲ; 226ನೇ ವಿಧಿಯಂತೆ ನಮಗೆ ಹೈಕೋರ್ಟಿನ ಕಲಬುರಗಿ ಪೀಠ ಅದ.

ಆದರೆ ಸುಳ್ಳು ಆಸೆ ಹುಟ್ಟಿಸೋದಿಲ್ಲ. ರಾಮಮೂರ್ತಿಯ ಕಾಗದಕ್ಕೆ ತೀರ್ಪು ಬರಲು ಹನ್ನೆರಡು ವರ್ಷ ಹಿಡಿಯಿತು. ಎಲ್ಲ ಕಾಗದವನ್ನೂ ಕೋರ್ಟು ಅರ್ಜಿ ಅಂತ ತಗೊಳ್ಳೋದೂ ಇಲ್ಲ. ಅದಕ್ಕೇ ವಕೀಲರನ್ನೂ ಕೇಳಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯ ಪ್ರಕಾರ ಪರಿಶಿಷ್ಟರಿಗೆ, ಬಂಧನದಲ್ಲಿದ್ದವರಿಗೆ ವಕೀಲರು ಪುಕ್ಕಟೆ. ಇದು ದಾನ ಅಲ್ಲ, ಹಕ್ಕು.

ಜೈಲಿನ ಗೋಡೆ ಜಾತಿಯನ್ನು ಹೊರಗೆ ನಿಲ್ಲಿಸಿರಲಿಲ್ಲ. ಕೆಲವು ರಾಜ್ಯಗಳ ಜೈಲು ಕೈಪಿಡಿಗಳೇ ಅಡುಗೆಗೆ ಮೇಲ್ಜಾತಿ, ಕಸಬರಿಗೆಗೆ ನಮ್ಮವರು ಎನ್ನುತ್ತಿದ್ದವು. ಪತ್ರಕರ್ತೆ ಸುಕನ್ಯಾ ಶಾಂತಾ ಕೋರ್ಟಿಗೆ ಹೋದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಆ ನಿಯಮಗಳನ್ನು ಹೊಡೆದುಹಾಕಿತು. ಜೈಲು ರಿಜಿಸ್ಟರಿನ ಜಾತಿ ಕಾಲಂ ತೆಗೆಯಿರಿ ಎಂದಿತು. ಸ್ವಾತಂತ್ರ್ಯ ಬಂದು 77 ವರ್ಷಕ್ಕೆ!

ತಮ್ಮಂದಿರಾ, ಒಳಗೆ ಹೆಬ್ಬೆಟ್ಟು ಒತ್ತುವ ನಮ್ಮವರು ಅದಾರ. ನಿಮ್ಮ ಕೈಯಾಗ ಪೆನ್ನು ಅದ. ಮುಲಾಖಾತಿಗೆ ಹೋಗುವ ಅವ್ವನ ಜೊತೆ ಹೋಗ್ರಿ. ಹೆಸರು, ಜೈಲು, ಕೇಸ್ ನಂಬರು, ಯಾವ ತಾರೀಖಿನಿಂದ ಒಳಗಿದ್ದಾನ, ಏನಾಯಿತು — ಇಷ್ಟು ಕನ್ನಡದಾಗೇ ಬರೀರಿ. ಒಂದು ನಕಲು ಇಟ್ಟುಕೊಳ್ರಿ. ಓದಿದ್ದು ನೌಕರಿಗಷ್ಟೇ ಅಲ್ಲ, ಇದಕ್ಕೂ.

ಜೈ ಭೀಮ್.